ಏಣಿಯ ಹನ್ನೊಂದನೇ ಮೆಟ್ಟಿಲು

ಎಲ್ಲ ಶುರುವಾದದ್ದು ಒಂದು ಸ್ಕ್ರೂನಿಂದ.

ಬೆಟ್ಟದ ಮೇಲಿನ ಟ್ರೆಸ್ ರಾಬ್ಲೆಸ್ ಊರಿನ ಆಸ್ಪತ್ರೆಯಲ್ಲಿ ಆಂಬುಲೆನ್ಸ್ ಬಂದು ನಿಲ್ಲುವ ಬಾಗಿಲ ಮೇಲೆ 'ಟ್ರಾಮಾ ಸೆಂಟರ್, ಮೂರನೇ ದರ್ಜೆ' ಎಂಬ ನೀಲಿ ಫಲಕವಿದೆ. ಗಾಳಿಗೆ ಅದರ ಬಲಗಡೆಯ ಸ್ಕ್ರೂ ಕಳಚಿ ಬಿದ್ದು, ಫಲಕವು ಭಾರಿ ಊಟ ಮುಗಿಸಿ ಕಂಬಕ್ಕೊರಗಿದ ಬೀಗರ ಹಾಗೆ ಒಂದು ಮಗ್ಗುಲಿಗೆ ವಾಲಿಕೊಂಡಿತ್ತು.

ಬೇರೆ ದಿನವಾಗಿದ್ದರೆ ವೆಂಡೆಲ್ ಆಸ್ಟ್ರಪ್ ರಿಪೇರಿಯವರಿಗೆ ಒಂದು ಚೀಟಿ ಬರೆದು ಸುಮ್ಮನಾಗುತ್ತಿದ್ದ. ಆದರೆ ಅಂದು ಒಂಬತ್ತು ಗಂಟೆಗೆ ಕೌಂಟಿಯ, ಅಂದರೆ ಜಿಲ್ಲೆಯ, ತುರ್ತು ಚಿಕಿತ್ಸಾ ಏಜೆನ್ಸಿಯಿಂದ ಯೋಲಾಂಡ ಬರಾಗನ್ ತಪಾಸಣೆಗೆ ಬರುವವರಿದ್ದರು. ಯಾವ ಆಸ್ಪತ್ರೆಗೆ ಟ್ರಾಮಾ ಸೆಂಟರಿನ, ಅಂದರೆ ಭಾರಿ ಗಾಯಗಳಿಗೆ ಚಿಕಿತ್ಸೆ ಕೊಡುವ ಕೇಂದ್ರದ, ಮಾನ್ಯತೆ ಕೊಡಬೇಕು, ಯಾವುದರದ್ದು ಕಿತ್ತುಕೊಳ್ಳಬೇಕು ಎಂದು ತೀರ್ಮಾನಿಸುವುದು ಆ ಏಜೆನ್ಸಿಯೇ. ಮಾನ್ಯತೆ ಹೋಯಿತೆಂದರೆ, ಟ್ರ್ಯಾಕ್ಟರು ಮಗುಚಿ ಅಡಿಗೆ ಸಿಕ್ಕವರು, ಮರ ಕಡಿಯುವಾಗ ಗಾಯಗೊಂಡವರು, ಎಲ್ಲರನ್ನೂ ಹೊತ್ತ ಆಂಬುಲೆನ್ಸುಗಳು ಇದೇ ಬಾಗಿಲ ಮುಂದೆ ಹಾದು, ಒಂದು ಗಂಟೆ ಇಪ್ಪತ್ತು ನಿಮಿಷ ಘಾಟಿ ಇಳಿದು ಫ್ರೆಸ್ನೋ ನಗರದ ಆಸ್ಪತ್ರೆಗೆ ಹೋಗಬೇಕು. ಎಲ್ಲರ ಜೀವವೂ ಅಷ್ಟು ಹೊತ್ತು ಕಾಯುವುದಿಲ್ಲ.

ವೆಂಡೆಲ್‌ನದು ಆ ಆಸ್ಪತ್ರೆಯ ಟ್ರಾಮಾ ವಿಭಾಗದ ಮೇಲ್ವಿಚಾರಣೆ. ನರ್ಸಾಗಿ ಸೇರಿದವನು, ಈಗ ಐವತ್ತಾರು ವರ್ಷ. ಯಾವ ರೋಗಿ ಎಷ್ಟು ಗಂಟೆಗೆ ಬಂದ, ಸರ್ಜನ್ ಎಷ್ಟು ನಿಮಿಷಕ್ಕೆ ತಲುಪಿದರು ಎಂಬುದೆಲ್ಲ ಅವನ ಕಡತಗಳಲ್ಲಿತ್ತು. ಕಡತಗಳು ಎಲ್ಲಿವೆ ಎಂಬುದು ಅವನ ತಲೆಯಲ್ಲಿ ಮಾತ್ರ ಇತ್ತು. ಅಂಥವನು, ವಾಲಿದ ಫಲಕವನ್ನು ಬರಾಗನ್ ನೋಡಬಾರದು ಎಂದು ತಾನೇ ಏಣಿ ಹತ್ತಿದ.

ಏಣಿ ಹಿಡಿದುಕೊಂಡಿದ್ದವರು ಸ್ವಾಗತದ ಮೇಜಿನಲ್ಲಿ ಸಂಬಳವಿಲ್ಲದೆ ಸೇವೆ ಮಾಡುವ ಎಂಬತ್ತೆರಡು ವರ್ಷದ ಹೆನ್ರಿಯೆಟಾ ಪಿಕೆಟ್. ಅವರು ಹಿಡಿದಿದ್ದೇನೋ ಗಟ್ಟಿಯಾಗಿಯೇ. ಆದರೆ ವೆಂಡೆಲ್ ಏಣಿಯನ್ನು ಬಿಟ್ಟು ಫಲಕವನ್ನು ನೆಚ್ಚಿಕೊಂಡ. ಫಲಕ ನೇರವಾಯಿತು, ವೆಂಡೆಲ್ ಪಕ್ಕದ ಕಣಗಿಲೆಯ ಪೊದೆಗೆ ಬಿದ್ದ.

"ಅಯ್ಯೋ ದೇವರೇ! ಅಲ್ಲಾಡಬೇಡ ಕಣಪ್ಪ, ಅಲ್ಲೇ ಬಿದ್ದಿರು! ಕರೀತೀನಿ ಯಾರನ್ನಾದ್ರೂ."

"ಏನೂ ಆಗಿಲ್ಲ ಮಿಸೆಸ್ ಪಿಕೆಟ್," ಎಂದು ವೆಂಡೆಲ್ ಪೊದೆಯೊಳಗಿಂದ ಎದ್ದ. ತಲೆಯಲ್ಲಿ ಗುಲಾಬಿ ಬಣ್ಣದ ಎರಡು ಹೂವು ಸಿಕ್ಕಿಕೊಂಡಿದ್ದವು. ಎಡಗಡೆಯ ಪಕ್ಕೆಯಲ್ಲಿ ಯಾರೋ ಬಾಗಿಲು ಬಡಿಯುತ್ತಿದ್ದ ಹಾಗಿತ್ತು.

ಸದ್ದು ಕೇಳಿ ತುರ್ತು ವಿಭಾಗದ ನರ್ಸ್ ಕ್ಲೀಟಸ್ ಓಡಿಬಂದ. ಆರಡಿ ಮೂರಂಗುಲದ ಆಳು. ಅವನು ಓಡಿದರೆ ಕಿಟಕಿಯ ಗಾಜು ಗುನುಗುತ್ತಿತ್ತು.

"ಬಾಸ್, ಎಷ್ಟೆತ್ತರದಿಂದ ಬಿದ್ರಿ?"

"ಒಂಬತ್ತನೇ ಮೆಟ್ಟಿಲು. ಅಂದ್ರೆ ಒಂಬತ್ತಡಿ."

"ಹನ್ನೊಂದು," ಎಂದರು ಹೆನ್ರಿಯೆಟಾ. "ನಲವತ್ತು ವರ್ಷ ಒಂದನೇ ಕ್ಲಾಸಿನ ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟಿದೀನಿ. ಹನ್ನೊಂದರ ತನಕ ಎಣಿಸೋಕೆ ಬರುತ್ತೆ ನಂಗೆ."

ಕ್ಲೀಟಸ್ ಜೇಬಿನಿಂದ ಕಿತ್ತಳೆ ಬಣ್ಣದ ಕಾರ್ಡು ತೆಗೆದ. ಆಸ್ಪತ್ರೆಯ ಪ್ರತಿಯೊಬ್ಬರ ಜೇಬಿನಲ್ಲೂ ಅದಿತ್ತು. ಅವನು ಗಟ್ಟಿಯಾಗಿ ಓದಿದ: "ಹತ್ತು ಅಡಿಗಿಂತ ಎತ್ತರದಿಂದ ಬಿದ್ದವರು ಎದ್ದು ಓಡಾಡುತ್ತಿದ್ದರೂ, ತಮಗೇನೂ ಆಗಿಲ್ಲವೆಂದು ಹೇಳಿದರೂ ಟ್ರಾಮಾ ತಂಡವನ್ನು ಕರೆಯತಕ್ಕದ್ದು. ಅದು ರೋಗಿ ತೀರ್ಮಾನಿಸುವ ವಿಷಯವಲ್ಲ."

"ಆ ಕಾರ್ಡ್ ಬರೆದವ್ನೇ ನಾನು ಕಣೋ!"

"ಅದಕ್ಕೇ ಹೇಳಿದ್ದು ಬಾಸ್, ಚೆನ್ನಾಗಿ ಬರ್ದಿದೀರಿ. ಒತ್ತಲಾ ಕೆಂಪು ಗುಂಡಿ?"

ವೆಂಡೆಲ್ ಅವನ ಕೈ ಹಿಡಿದುಕೊಂಡ. ಗುಂಡಿ ಒತ್ತಿದರೆ ಸರ್ಜನ್ ಬೆದ್ರೋಸಿಯನ್ ಮೂವತ್ತು ನಿಮಿಷದೊಳಗೆ ಬರಬೇಕು. ಅದು ಏಜೆನ್ಸಿಯ ಕಟ್ಟಪ್ಪಣೆ. ಬೆದ್ರೋಸಿಯನ್‌ಗೆ ಊರಾಚೆ ಪೀಚ್ ತೋಟ. ಹೋದ ತಿಂಗಳು ಮೂವತ್ತನಾಲ್ಕು ನಿಮಿಷ ಮಾಡಿದ್ದರು. ಇವತ್ತು, ಬರಾಗನ್ ಕಣ್ಣೆದುರು, ಹಣ್ಣಿನ ಲಾರಿಯ ಹಿಂದೆ ಸಿಕ್ಕಿಹಾಕಿಕೊಂಡರೆ ಗತಿಯೇನು? ಮೇಲಾಗಿ ತಾನು ಹಾಸಿಗೆಯಲ್ಲಿದ್ದರೆ ಕಡತ ತೋರಿಸುವವರು ಯಾರು?

"ನೋಡು ಕ್ಲೀಟಸ್. ಸಂಜೆ ಐದು ಗಂಟೆಗೆ ಅವ್ರು ಹೋಗ್ತಾರೆ. ಐದೂ ಒಂದಕ್ಕೆ ನೀನು ನನ್ನ ಏನ್ ಬೇಕಾದ್ರೂ ಮಾಡು. ಅಲ್ಲೀವರೆಗೂ ನಾನು ರೋಗಿ ಅಲ್ಲ."

ಹೀಗೆ ನಿಶ್ಚಯಿಸಿಕೊಂಡು ವೆಂಡೆಲ್ ಒಳಗೆ ನಡೆದ. ಮನುಷ್ಯ ನೇರವಾಗಿ ನಡೆಯಲು ಎಷ್ಟು ಮೂಳೆಗಳು ಒಪ್ಪಿಗೆ ಕೊಡಬೇಕು ಎಂಬುದು ಅವನಿಗೆ ಅಂದೇ ತಿಳಿದದ್ದು.

ಆಸ್ಪತ್ರೆಯಲ್ಲಿ ಸುದ್ದಿಗೆ ಲಿಫ್ಟು ಬೇಕಾಗಿಲ್ಲ. ಎಂಟೂವರೆಗೆ ಅಡುಗೆಮನೆಯಿಂದ ಮೈ ಷಿಯಾಂಗ್ ಎಂಬ ಹೆಂಗಸು ಒಂದು ಟವೆಲಿನ ಗಂಟು ಹಿಡಿದು ಅವನ ಕೋಣೆಗೆ ಬಂದಳು. ಒಳಗೆ ಮಂಜುಗಟ್ಟಿದ ಬಟಾಣಿ ಪೊಟ್ಟಣ.

"ಇದನ್ನ ಪಕ್ಕೆಗೆ ಇಟ್ಕೊಳ್ಳಿ. ಊಟಕ್ಕೆ ಬೇಕು, ಹನ್ನೊಂದಕ್ಕೆ ವಾಪಸ್ ಕೊಡಿ."

"ನಿಂಗ್ಯಾರು ಹೇಳಿದ್ರು ಮೈ?"

"ಎಲ್ರೂ," ಎಂದಳು ಮೈ. ಎರಡು ವರ್ಷದ ಹಿಂದೆ ಅವಳ ಗಂಡನನ್ನು ಟ್ರ್ಯಾಕ್ಟರಿನಡಿಯಿಂದ ಎಳೆದು ತಂದಿದ್ದು ಇದೇ ಬಾಗಿಲಿಗೆ. ಅವನು ಈಗ ಸ್ಟ್ರಾಬೆರಿ ಮಾರುತ್ತ ಹೆಂಡತಿಯೊಡನೆ ಜಗಳವಾಡುತ್ತ ಚೆನ್ನಾಗಿದ್ದಾನೆ. ಮೈ ಆ ವಿಷಯ ಎತ್ತಲಿಲ್ಲ. ಬಟಾಣಿಯ ಮೇಲೆ ಇನ್ನೊಂದು ಟವೆಲ್ ಸುತ್ತಿ, "ತೀರಾ ತಣ್ಣಗೆ ತಾಗ್ಬಾರ್ದು," ಎಂದು ಹೋದಳು.

ಯೋಲಾಂಡ ಬರಾಗನ್ ಒಂಬತ್ತಕ್ಕೆ ಸರಿಯಾಗಿ ಬಂದರು. ಸಣ್ಣ ಆಳು, ದೊಡ್ಡ ಚೀಲ. ತಪಾಸಣೆಗೆ ಹೋದ ಕಡೆ ಒಂದು ಲೋಟ ನೀರನ್ನೂ ಮುಟ್ಟಬಾರದೆಂದು ತಮ್ಮ ಕಾಫಿ, ತಮ್ಮ ಊಟ, ತಮ್ಮ ಪೆನ್ನು ಎಲ್ಲ ಹೊತ್ತು ತಂದಿದ್ದರು.

"ಹೊರಗಡೆ ಫಲಕ ನೆಟ್ಟಗಿದೆ. ಒಳ್ಳೇದು," ಎಂದರು.

ವೆಂಡೆಲ್‌ಗೆ ಅಳು ಬರುವಷ್ಟು ಸಂತೋಷವಾಯಿತು. ಅತ್ತರೆ ಪಕ್ಕೆ ನೋಯುತ್ತದೆಂದು ತಡೆದುಕೊಂಡ.

"ಹೋದ ವರ್ಷದ ಮಾರ್ಚ್ ಕಡತ ಕೊಡ್ತೀರಾ?"

ಮಾರ್ಚ್ ಮೇಲಿನ ಕಪಾಟಿನಲ್ಲಿತ್ತು. ವೆಂಡೆಲ್‌ನ ಎಡಗೈ ಭುಜದಿಂದ ಮೇಲೇಳುತ್ತಿರಲಿಲ್ಲ. ಬಲಗೈ ಎತ್ತಿದರೆ ಎಡಗಡೆ ಕೂಗುತ್ತಿತ್ತು. "ಮೇಡಂ, ಏಪ್ರಿಲ್ ನೋಡಿ, ಏಪ್ರಿಲ್ ತುಂಬಾ ಚೆನ್ನಾಗಿದೆ," ಎಂದ. ಏಪ್ರಿಲ್ ಕೆಳಗಿತ್ತು. ಬರಾಗನ್ ಕನ್ನಡಕದ ಮೇಲಿಂದ ಅವನನ್ನು ಒಮ್ಮೆ ನೋಡಿ, ಏನೂ ಕೇಳದೆ ಕುರ್ಚಿ ಎಳೆದುಕೊಂಡು ಹತ್ತಿ ಮಾರ್ಚನ್ನು ತಾವೇ ಇಳಿಸಿಕೊಂಡರು. ಆಮೇಲೆ ಕಾರಿಡಾರಿನಲ್ಲಿ ನಡೆಯುವಾಗಲೂ ಅವರ ಹೆಜ್ಜೆ ಅವನ ಹೆಜ್ಜೆಯಷ್ಟೇ ನಿಧಾನವಾಯಿತು. ಇವನಿಗೆ ವಾತದ ತೊಂದರೆ ಇರಬೇಕು ಪಾಪ ಎಂದುಕೊಂಡಿದ್ದರು.

ಹಿಂದಿನಿಂದ ಕೀಚ್ ಕೀಚ್ ಎಂದು ಸದ್ದು. ಹೆನ್ರಿಯೆಟಾ ಖಾಲಿ ಗಾಲಿಕುರ್ಚಿ ತಳ್ಳಿಕೊಂಡು, ಹಸುವಿನ ಹಿಂದೆ ಕರುವಿನ ಹಾಗೆ, ಹತ್ತು ಹೆಜ್ಜೆ ದೂರದಲ್ಲಿ ಬರುತ್ತಿದ್ದರು. ರಕ್ತನಿಧಿಗೆ ಹೋದರೆ ಅಲ್ಲಿಗೂ. ಎಕ್ಸ್‌ರೇ ಕೋಣೆಗೆ ಹೋದರೆ ಅಲ್ಲಿಗೂ.

"ಅವ್ರು ಯಾರನ್ನ ಕರ್ಕೊಂಡು ಹೋಗ್ತಿದಾರೆ?" ಬರಾಗನ್ ಕೇಳಿದರು.

"ಅಭ್ಯಾಸ ಮಾಡ್ತಿದಾರೆ ಮೇಡಂ," ಎಂದ ವೆಂಡೆಲ್.

ಮಧ್ಯಾಹ್ನದ ಹೊತ್ತಿಗೆ ಅವನ ಮುಖ ತೊಳೆದಿಟ್ಟ ಸೋರೆಕಾಯಿಯ ಬಣ್ಣಕ್ಕೆ ತಿರುಗಿತ್ತು. ಕ್ಲೀಟಸ್ ಮೂಲೆಯಲ್ಲಿ ಹಿಡಿದು ನಾಡಿ ನೋಡಿದ. "ಬಾಸ್, ನೂರ ಹದಿನೆಂಟು. ಬೇರೆ ಯಾರಾದ್ರೂ ಆಗಿದ್ರೆ ನನ್ನ ಕಿವಿ ಹಿಂಡ್ತಿದ್ರಿ ನೀವು."

"ಇನ್ನು ಮೂರು ಗಂಟೆ."

"ಅಷ್ಟರೊಳಗೆ ಸತ್ರೆ?"

"ಸಾಯೋದೂ ಐದರ ಮೇಲೇ."

ಎರಡು ಗಂಟೆಯಾಗುತ್ತಲೇ ಬರಾಗನ್ ಕಡತ ಮುಚ್ಚಿದರು. "ಕಾಗದದಲ್ಲಿ ಎಲ್ರೂ ಚೆನ್ನಾಗೇ ಇರ್ತಾರೆ. ನಿಮ್ಮೋರು ಹೇಗೆ ಓಡ್ತಾರೆ ಅಂತ ನೋಡ್ಬೇಕು. ಒಂದು ಅಣಕು ಪರೀಕ್ಷೆ ಮಾಡೋಣ. ಯಾರಾದ್ರೂ ಗಾಯಾಳು ಆಗಿ ಮಲಗಿ."

"ವೆಂಡೆಲ್!" ಎಂದರು ಹೆನ್ರಿಯೆಟಾ. "ವೆಂಡೆಲ್!" ಎಂದ ಕ್ಲೀಟಸ್. ತಟ್ಟೆ ಎತ್ತಲು ಬಂದಿದ್ದ ಮೈ ಕೂಡ "ಅವ್ರೇ ಸರಿ," ಎಂದಳು.

"ಏನಾಗಿದೆ ಅಂತ ಇಟ್ಕೊಳ್ಳೋಣ?"

"ಏಣಿಯಿಂದ ಬಿದ್ದಿದ್ದಾನೆ ಅಂತ ಇಟ್ಕೊಳ್ಳಿ," ಎಂದರು ಹೆನ್ರಿಯೆಟಾ. "ಎಡಗಡೆ."

ವೆಂಡೆಲ್ ಬೇಡವೆನ್ನಲು ಬಾಯಿ ತೆರೆದ. ಆದರೆ ಗಾಲಿಮಂಚ ಅವನ ಕಣ್ಣೆದುರಿಗೇ ಇತ್ತು. ಅದರ ಮೇಲೆ ಬಿಳಿಯ ದಿಂಬೂ ಇತ್ತು. ಅವನು ಮಲಗಿದ. ಬೆಳಗಿನಿಂದ ಅಷ್ಟು ಸುಖ ಅವನು ಕಂಡಿರಲಿಲ್ಲ.

ಎರಡು ಗಂಟೆ ಹನ್ನೆರಡು ನಿಮಿಷಕ್ಕೆ ಕ್ಲೀಟಸ್ ಕೆಂಪು ಗುಂಡಿ ಒತ್ತಿದ. ಅವನು ಒತ್ತಿದ ರಭಸಕ್ಕೆ ಅದು ಗೋಡೆಯೊಳಗೆ ಹೋಗದಿದ್ದುದು ಹೆಚ್ಚು. ಆರು ಜನ ಆರು ಕಡೆಯಿಂದ ಓಡಿಬಂದರು. ಕ್ಲೀಟಸ್ ಕತ್ತರಿ ತೆಗೆದು ಅಂಗಿಯನ್ನು ಸರ್ರನೆ ಸೀಳಿದ.

"ನಿಜವಾಗ್ಲೂ ಕತ್ತರಿಸ್ಬೇಡ ಕಣೋ, ಹೊಸ ಶರ್ಟು!"

ಅಂಗಿಯ ಕೆಳಗೆ, ಕಂಕುಳಿನಿಂದ ಸೊಂಟದವರೆಗೆ, ಬದನೆಕಾಯಿ ಬಣ್ಣದ ಒಂದು ಭೂಪಟ ಹರಡಿಕೊಂಡಿತ್ತು. ಬರಾಗನ್ ಬಗ್ಗಿ ನೋಡಿದರು.

"ಅಬ್ಬಾ! ಬಣ್ಣ ಯಾರು ಹಚ್ಚಿದ್ದು? ಎಷ್ಟು ಸಹಜವಾಗಿದೆ!"

ಎರಡು ಗಂಟೆ ಇಪ್ಪತ್ತಾರು ನಿಮಿಷಕ್ಕೆ ಬೆದ್ರೋಸಿಯನ್ ಬಂದರು. ಮೊಣಕೈವರೆಗೂ ಪೀಚ್ ರಸ, ಕೈ ತೊಳೆಯುತ್ತಲೇ, "ಗಾಯಾಳು ಯಾರು? ಓ, ವೆಂಡೆಲ್ಲಾ? ಸರಿ ನಾಟಕ ಆಡೋಣ," ಎಂದು ನಗುತ್ತ ಎಡಪಕ್ಕೆಯ ಮೇಲೆ ಬೆರಳಿಟ್ಟು ಒತ್ತಿದರು.

ವೆಂಡೆಲ್ ಹಾಕಿದ ಕೂಗಿಗೆ ಮಕ್ಕಳ ವಾರ್ಡಿನಲ್ಲಿ ಮಲಗಿದ್ದ ಕೂಸುಗಳೆಲ್ಲ ಎದ್ದವು.

"ಬಹಳ ಒಳ್ಳೆ ನಟ," ಎಂದು ಬರಾಗನ್ ಬರೆದುಕೊಂಡರು.

ಬೆದ್ರೋಸಿಯನ್ ನಗುತ್ತಿರಲಿಲ್ಲ. ಅಲ್ಟ್ರಾಸೌಂಡ್ ಯಂತ್ರದ ಹಿಡಿಯನ್ನು ಹೊಟ್ಟೆಯ ಮೇಲೆ ಆಡಿಸಿ, ತೆರೆಯ ಮೇಲಿನ ಸಣ್ಣ ಕಪ್ಪು ಗೆರೆಯೊಂದನ್ನು ನೋಡಿದರು. "ಎಡಪಕ್ಕೆ ಕೆಳಗೆ, ಗುಲ್ಮದ ಸುತ್ತ ರಕ್ತ ಸೋರಿದೆ. ಇದು ನಾಟಕ ಅಲ್ಲ ಕಣ್ರೋ."

ಮರುಕ್ಷಣ ಎಲ್ಲ ಕೈಗಳೂ ಒಟ್ಟಿಗೆ ಚಲಿಸಿದವು. ಯಾರೂ ಕೂಗಲಿಲ್ಲ, ಯಾರೂ ಒಬ್ಬರಿಗೊಬ್ಬರು ಡಿಕ್ಕಿ ಹೊಡೆಯಲಿಲ್ಲ. ರಕ್ತದ ಚೀಲ ಬಂತು, ಸೂಜಿ ಬಂತು, ಸ್ಕ್ಯಾನಿಗೆ ದಾರಿ ಬಿಟ್ಟರು. ಗಾಲಿಮಂಚ ಉರುಳುವಾಗ ಮೈ ಅವನ ಪಾದಗಳ ಮೇಲೆ ಹೊದಿಕೆ ಎಳೆದಳು. ವೆಂಡೆಲ್ ಮೇಲಿನ ದೀಪಗಳನ್ನು ನೋಡುತ್ತ ಮನಸ್ಸಿನಲ್ಲೇ ಎಣಿಸಿದ: ಹದಿನಾಲ್ಕು ನಿಮಿಷ. ಬೆದ್ರೋಸಿಯನ್ ಹದಿನಾಲ್ಕೇ ನಿಮಿಷದಲ್ಲಿ ಬಂದಿದ್ದರು! ಅವನಿಗೆ ಹಾಡಬೇಕೆನ್ನಿಸಿತು.

ಮುರಿದದ್ದು ಮೂರು ಪಕ್ಕೆಲುಬು. ಗುಲ್ಮದಲ್ಲಿ ಬೆರಳುಗುರಿನಷ್ಟು ಸೀಳು. ಕೊಯ್ಯಬೇಕಾಗಿಲ್ಲ, ಮಲಗಿದ್ದರೆ ಸಾಕು ಎಂದರು ಬೆದ್ರೋಸಿಯನ್. ಐದು ಗಂಟೆಗೆ ಬರಾಗನ್ ಹಾಸಿಗೆಯ ಪಕ್ಕ ಬಂದು ಕುಳಿತರು. ಬಾಗಿಲಲ್ಲಿ ಹೆನ್ರಿಯೆಟಾ, ಕ್ಲೀಟಸ್, ಮೈ.

"ವೆಂಡೆಲ್, ಇಂಥ ತಂಡ ನಾನು ಈ ಕೌಂಟಿಯಲ್ಲಿ ನೋಡಿಲ್ಲ. ಕಡತ ಚೊಕ್ಕಟ. ಸರ್ಜನ್ ಹದಿನಾಲ್ಕು ನಿಮಿಷ. ಮೂರು ವರ್ಷದ ಮಾನ್ಯತೆ ಬರೆದು ಸಹಿ ಹಾಕೋಕೆ ಪೆನ್ನು ತೆಗೆದಿದ್ದೆ."

"ತೆಗೆದಿದ್ದೆ ಅಂದ್ರೆ?"

ಬರಾಗನ್ ಆಫೀಸಿನಿಂದ ಬಂದ ಒಂದು ಹಾಳೆ ಬಿಡಿಸಿದರು. ಅಚ್ಚಿನಂಥ ದುಂಡು ಅಕ್ಷರ.

"ನಾನೇ ಬರೆದಿದ್ದು ಕಣಪ್ಪ," ಎಂದರು ಹೆನ್ರಿಯೆಟಾ ಬಾಗಿಲಿನಿಂದ. "ಕೆಲಸದ ವೇಳೇಲಿ ಬಿದ್ದವ್ರಿಗೆ ವಿಮೆ ಬರುತ್ತಲ್ಲ, ನಾಳೆ ನಿಂಗೆ ತೊಂದ್ರೆ ಆಗ್ಬಾರ್ದು ಅಂತ ಬೆಳಿಗ್ಗೆನೇ ಆಫೀಸಿಗೆ ಕೊಟ್ಟೆ. ಮೊದಲು ಸಮಯ ಬರೀಬೇಕು ಅಂತ ನೀನೇ ಹೇಳಿಕೊಟ್ಟಿದ್ದು."

"ಎಂಟು ಗಂಟೆ ಹತ್ತು ನಿಮಿಷ," ಎಂದು ಓದಿದರು ಬರಾಗನ್. "ಆಸ್ಪತ್ರೆ ಆವರಣದೊಳಗೆ ಬಿದ್ದವರು ಬಿದ್ದ ಕ್ಷಣದಿಂದ್ಲೇ ರೋಗಿ. ಸರ್ಜನ್ ನೋಡಿದ್ದು ಎರಡು ಇಪ್ಪತ್ತಾರಕ್ಕೆ. ಅಂದ್ರೆ ಆರು ಗಂಟೆ ಹದಿನಾರು ನಿಮಿಷ ಆದ್ಮೇಲೆ. ಹೋದ ತಿಂಗಳ ಮೂವತ್ತನಾಲ್ಕನ್ನ ನಾನು ಕ್ಷಮಿಸಿದ್ದೆ. ಇದನ್ನ ಹೇಗೆ ಕ್ಷಮಿಸ್ಲಿ ಹೇಳಿ?"

"ರೋಗಿಯೇ ಬೇಡ ಅಂದ್ನಲ್ಲ ಮೇಡಂ!" ಎಂದ ವೆಂಡೆಲ್.

"ಅದು ರೋಗಿ ತೀರ್ಮಾನಿಸೋ ವಿಷಯ ಅಲ್ಲ ಅಂತ ನಿಮ್ಮ ಕಾರ್ಡ್ ಹೇಳುತ್ತೆ. ಒಳ್ಳೆ ಕಾರ್ಡು. ಬೇರೆ ಆಸ್ಪತ್ರೆಗಳಿಗೂ ಹಂಚ್ತೀನಿ." ಬರಾಗನ್ ಅವನ ದಿಂಬನ್ನು ಮೆತ್ತಗೆ ಸರಿಪಡಿಸಿದರು. "ಬಾಗಿಲು ಮುಚ್ಚಿಸೋದಿಲ್ಲ, ಹೆದರ್ಬೇಡಿ. ಆದ್ರೆ ಮೂರು ವರ್ಷ ಅಲ್ಲ, ತೊಂಬತ್ತು ದಿನ. ಆಮೇಲೆ ಮತ್ತೆ ಬಂದು ಮೊದಲಿಂದ ನೋಡ್ತೀನಿ. ಅಷ್ಟರಲ್ಲಿ ಮೂರು ಕಾಗದ ಬೇಕು. ರೋಗಿಯ ಹೇಳಿಕೆ. ಕರೆ ತಡೆದ ಸಿಬ್ಬಂದಿಯ ಹೇಳಿಕೆ. ಇಬ್ಬರದೂ ಓದಿ ವಿಭಾಗದ ಮೇಲ್ವಿಚಾರಕರ ಅಭಿಪ್ರಾಯ."

ಅವರು ಹೋದ ಮೇಲೆ ವೆಂಡೆಲ್ ಚಾವಣಿ ನೋಡಿದ: ಬಿದ್ದವನೂ, ಕ್ಲೀಟಸ್‌ನ ಕೈ ಹಿಡಿದು ಕರೆ ತಡೆದವನೂ, ಮೇಲ್ವಿಚಾರಕನೂ ತಾನೇ. ಆಮೇಲೆ ಬಲಗೈ ಚಾಚಿ, "ಪೆನ್ನು ಕೊಡಿ," ಎಂದ. ಹೆನ್ರಿಯೆಟಾ ಪೆನ್ನಿನ ಮುಚ್ಚಳ ತೆಗೆದು ಕೊಟ್ಟರು. ಕ್ಲೀಟಸ್ ಊಟದ ತಟ್ಟೆಯನ್ನು ಮಗುಚಿ ಹಾಳೆಗೆ ಆಸರೆ ಮಾಡಿದ.

ಮೊದಲ ಹಾಳೆಯಲ್ಲಿ ವೆಂಡೆಲ್ ಬರೆದ: 'ಸಿಬ್ಬಂದಿ ನನ್ನ ಮಾತು ಕೇಳಬಾರದಿತ್ತು. ಸಹಿ, ರೋಗಿ.'

ಎರಡನೆಯದರಲ್ಲಿ: 'ರೋಗಿ ಬಹಳ ಹಟಮಾರಿ, ಏನು ಹೇಳಿದರೂ ಕೇಳಲಿಲ್ಲ. ಸಹಿ, ಸಿಬ್ಬಂದಿ.'

ಮೂರನೆಯದನ್ನು ಬರೆಯುವ ಮುಂಚೆ ಅವನು ಎರಡನ್ನೂ ಗಂಭೀರವಾಗಿ ಓದಿದ. ಹೊರಗೆ ಒಂದು ಆಂಬುಲೆನ್ಸ್ ಬಂದು ನಿಂತ ಸದ್ದಾಯಿತು, ಕ್ಲೀಟಸ್ ಓಡಿದ. ವೆಂಡೆಲ್ ತುಟಿ ಬಿಗಿಹಿಡಿದು ಬರೆದ: 'ಇಬ್ಬರೂ ಒಬ್ಬರ ಮೇಲೊಬ್ಬರು ತಪ್ಪು ಹೊರಿಸುತ್ತಿದ್ದಾರೆ. ಇಬ್ಬರನ್ನೂ ಈ ವಿಭಾಗದ ನಾಲ್ಕು ಗಂಟೆಗಳ ತರಬೇತಿಗೆ ಕಡ್ಡಾಯವಾಗಿ ಕಳಿಸತಕ್ಕದ್ದು. ತರಬೇತುದಾರ: ವೆಂಡೆಲ್ ಆಸ್ಟ್ರಪ್.'