ವೇಗಮಾಪಕದಿಂದ ಗುಂಡಿನ ವೇಗವನ್ನು ಮಾತ್ರ ಅಳೆಯತಕ್ಕದ್ದು

ಸಂಖ್ಯೆ: ಗು.ಅ/ಭದ್ರಾ/ವೇ.ಡ/ಇತರೆ ಮತ್ತು ಇತ್ಯಾದಿ
ಉಪ ಕಚೇರಿ, ಭದ್ರಾವತಿ
(ಮುಖ್ಯ ಕಚೇರಿ: ವಿದ್ಯಾನಗರ, ಶಿವಮೊಗ್ಗ)

ಸುತ್ತೋಲೆ

ವಿಷಯ: ಗುರಿ ಅಭ್ಯಾಸದ ಶೆಡ್ಡಿನಲ್ಲಿ ರೇಡಾರ್ ಕ್ರೋನೋಗ್ರಾಫ್ ಯಂತ್ರವನ್ನು ಬಳಸುವ, ಬಳಸದಿರುವ ಹಾಗೂ ಬಳಸಿದ ನಂತರ ಮುಖಭಾವ ಕಾಪಾಡಿಕೊಳ್ಳುವ ಬಗ್ಗೆ.

ಉಲ್ಲೇಖ:
1. ಉಗ್ರಾಣಪಾಲಕರಾದ ಶ್ರೀ ಗಂಗಾಧರಪ್ಪನವರು ಸಲ್ಲಿಸಿದ ವಿವರಣೆ.
2. ಚಿಕ್ಕದಾಗಿ ಬರೆದುಕೊಡಿ ಎಂದು ತಿಳಿಸಿದ ಮೇಲೆ ಅವರು ಸಲ್ಲಿಸಿದ, ಇನ್ನೂ ಉದ್ದವಾದ ವಿವರಣೆ.
3. ಸಹಾಯಕ ನಿರ್ದೇಶಕರ ಮೌಖಿಕ ಸಿಡಿಮಿಡಿ.

ಪ್ರಸ್ತಾವನೆ:

ಈ ಕಚೇರಿಯ ಹಿಂಭಾಗದ ಹಳೇ ಸೈಕಲ್ ಶೆಡ್ಡಿನಲ್ಲಿ ನೌಕರರು ಅಂತರ-ಕಚೇರಿ ಏರ್‌ರೈಫಲ್ ಸ್ಪರ್ಧೆಗಾಗಿ ಗುರಿ ಅಭ್ಯಾಸ ಮಾಡುತ್ತಿರುವುದು ಸರಿಯಷ್ಟೆ. ಈ ಶೆಡ್ಡಿಗೆ ಮುಖ್ಯ ಕಚೇರಿಯು ರೇಡಾರ್ ಕ್ರೋನೋಗ್ರಾಫ್ ಎಂಬ ಯಂತ್ರವನ್ನು ಕಳುಹಿಸಿಕೊಟ್ಟಿರುತ್ತದೆ. ಟಿಫನ್ ಡಬ್ಬಿಯಷ್ಟಿರುವ ಇದನ್ನು ಬಂದೂಕಿನ ನಳಿಗೆಯ ಪಕ್ಕದಲ್ಲಿ, ಗುರಿಯತ್ತ ಮುಖ ಮಾಡಿ ಇಟ್ಟು ಗುಂಡು ಹಾರಿಸಿದರೆ, ಗುಂಡು ಸೆಕೆಂಡಿಗೆ ಎಷ್ಟು ಮೀಟರ್ ವೇಗದಲ್ಲಿ ಹೋಯಿತೆಂಬುದು ಮೊಬೈಲಿನಲ್ಲಿ ಮೂಡುತ್ತದೆ. ಅದರ ಕೆಲಸ ಇಷ್ಟೇ. ನೌಕರರು ಇಷ್ಟಕ್ಕೆ ಬಿಟ್ಟಿರುವುದಿಲ್ಲ.

ಪ್ರಥಮ ದರ್ಜೆ ಸಹಾಯಕ ಯುವರಾಜ್ ಅವರು ಯಂತ್ರ ಬಂದ ಹೊಸತರಲ್ಲೇ ರಬ್ಬರ್ ಬ್ಯಾಂಡ್, ಹುಣಸೆ ಬೀಜ ಹಾಗೂ ತಮ್ಮ ಎಡಗಾಲಿನ ಚಪ್ಪಲಿಯ ವೇಗವನ್ನು ಅಳೆದಿರುತ್ತಾರೆ. ತರುವಾಯ ಯಂತ್ರವನ್ನು ಸಹಾಯಕ ನಿರ್ದೇಶಕರಾದ ವಿಷ್ಣುಪ್ರಸಾದ ಅವರ ಕೊಠಡಿಗೆ ಒಯ್ದು, ಸದರಿ ಅಧಿಕಾರಿಗಳು ತುರ್ತಾಗಿ ವಿಲೇವಾರಿ ಮಾಡಿದ (ಅರ್ಥಾತ್ ಎಸೆದ) ಕಡತವೊಂದರ ವೇಗ ಸೆಕೆಂಡಿಗೆ ಆರು ಮೀಟರ್ ಎಂದು ಪ್ರಕಟಿಸಿರುತ್ತಾರೆ. ಈ ಕಚೇರಿಯ ಇತಿಹಾಸದಲ್ಲಿ ಯಾವ ಕಡತವೂ ಇಷ್ಟು ಬೇಗ ಮುಂದಕ್ಕೆ ಹೋದ ಉದಾಹರಣೆ ಇಲ್ಲವೆಂದು ನೌಕರರು ಕೇಕೆ ಹಾಕಿದ್ದು, ಯಂತ್ರವನ್ನು ಅಂದೇ ಬೀರುವಿನಲ್ಲಿಟ್ಟು ಬೀಗ ಜಡಿಯಲಾಗಿದೆ. ಕೀಲಿಕೈಯನ್ನು ಶ್ರೀ ಗಂಗಾಧರಪ್ಪನವರಿಗೆ ಒಪ್ಪಿಸುತ್ತಾ ಸಹಾಯಕ ನಿರ್ದೇಶಕರು, "ನಾನು ಬರೆದು ಕೊಡದೆ ಈ ಡಬ್ಬಿ ಹೊರಗೆ ಬಂದ್ರೆ ನೀವೇ ಜವಾಬ್ದಾರಿ ಕಣ್ರೀ" ಎಂದು ತಿಳಿಸಿರುತ್ತಾರೆ.

ಹಾಗೆ ತಿಳಿಸುವ ಅಗತ್ಯವೇ ಇರಲಿಲ್ಲ. ಶ್ರೀ ಗಂಗಾಧರಪ್ಪನವರು ತಮ್ಮ ಇಡೀ ಸೇವೆಯಲ್ಲಿ ಒಂದು ಗುಂಡುಸೂಜಿಯನ್ನೂ ಸಹಿ ಇಲ್ಲದೆ ಹೊರಗೆ ಕೊಟ್ಟವರಲ್ಲ. ಮಗಳ ಮದುವೆಯ ಕರೆಯೋಲೆಗಳನ್ನೂ ಸಹೋದ್ಯೋಗಿಗಳಿಂದ ಸ್ವೀಕೃತಿ ಪಡೆದೇ ಹಂಚಿದವರು. ನಿವೃತ್ತಿ ಹತ್ತಿರವಿದ್ದು, ತಮ್ಮ ಮೇಲೆ ಒಂದೂ ದೂರಿಲ್ಲದೆ ಹೊರಬೀಳಬೇಕೆಂಬುದು ಅವರ ಬದುಕಿನ ಏಕೈಕ ಹಟವಾಗಿತ್ತೆಂದು ವಿಚಾರಣೆಯಿಂದ ತಿಳಿದುಬಂದಿದೆ.

ಇದೇ ಸಮಯದಲ್ಲಿ ಬೆರಳಚ್ಚುಗಾರ್ತಿ ಜೈನಾಬಿಯವರ ಗುಂಡುಗಳು ಕೆಳಕ್ಕೆ ಬೀಳತೊಡಗಿದವು. ಭದ್ರಾವತಿ ಕಚೇರಿಗೆ ಇದುವರೆಗೆ ಬಂದಿರುವ ಬಹುಮಾನಗಳೆಲ್ಲ ಇವರ ಕೈಯಿಂದಲೇ ಬಂದವು. ಅಂಥವರು ಮೊದಲ ಗುಂಡನ್ನು ಗುರಿಯ ನಟ್ಟನಡುವಿನ, ಹತ್ತು ಅಂಕದ ಚುಕ್ಕೆಗೆ ಹೊಡೆಯುವರು. ಎರಡನೆಯದು ಅದರ ಕೆಳಗೆ. ಮೂರನೆಯದು ಇನ್ನೂ ಕೆಳಗೆ. ಬಂದೂಕು ಸರಿಯಿಲ್ಲವೇನೋ ಎಂದು ಅವರು ದೂರಿದಾಗ ಸಹಾಯಕ ನಿರ್ದೇಶಕರು ಖುದ್ದಾಗಿ ಅವರ ಬಂದೂಕನ್ನು ತೆಗೆದುಕೊಂಡು ಒಂದು ಗುಂಡು ಹಾರಿಸಿದರು. ಅದು ನೆಟ್ಟಗೆ ನಡುವಿಗೇ ಹೋಯಿತು. "ಬಂದೂಕು ಚೆನ್ನಾಗೇ ಇದೆ ಜೈನಾಬಿ. ಐವತ್ತು ದಾಟಿದ ಮೇಲೆ ಕಣ್ಣು ಯಾರ ಮಾತೂ ಕೇಳಲ್ಲ. ಈ ಸಲ ಸ್ಪರ್ಧೆಗೆ ಯುವರಾಜ್ ಹೋಗ್ಲಿ ಬಿಡಿ" ಎಂದು ಸ್ಥಳದಲ್ಲೇ ತೀರ್ಪು ನೀಡಲಾಯಿತು.

ಜೈನಾಬಿಯವರು ಕನ್ನಡಕ ಬದಲಿಸಿದರು. ಗುಂಡು ಬೀಳುವ ಜಾಗ ಬದಲಾಗಲಿಲ್ಲ. ಅನಂತರ ಅವರು ಎಲ್ಲದರಲ್ಲೂ ತಮ್ಮನ್ನೇ ಅನುಮಾನಿಸತೊಡಗಿದ್ದು, ಬೆರಳಚ್ಚು ಮಾಡಿದ ಒಂದೊಂದು ಸಾಲನ್ನೂ ತಿರುತಿರುಗಿ ಓದುವುದು, ಮನೆಯಲ್ಲಿ ಸೂಜಿಗೆ ದಾರ ಪೋಣಿಸಲು ಸೊಸೆಯನ್ನು ಕರೆಯುವುದು ಮುಂತಾದವು ಕಂಡುಬಂದಿರುತ್ತವೆ.

ಹೀಗಿರಲು ಒಂದು ದಿನ ಊಟದ ವಿರಾಮದಲ್ಲಿ, ಶ್ರೀ ಗಂಗಾಧರಪ್ಪನವರು ಮೊಸರನ್ನದ ಡಬ್ಬಿ ಬಿಚ್ಚಿ ಕುಳಿತಿದ್ದಾಗ, ಜೈನಾಬಿಯವರು ಉಗ್ರಾಣಕ್ಕೆ ಬಂದು ಶೂಟಿಂಗ್ ಜಾಕೆಟ್ಟನ್ನೂ ಕೈಗವಸನ್ನೂ ಮೇಜಿನ ಮೇಲಿಟ್ಟರು.

"ವಾಪಸ್ ಬರ್ಕೊಳ್ಳಿ ಗಂಗಾಧರಪ್ಪೋರೇ. ಕಣ್ಣು ಹೋಯ್ತು, ಕೈಯೂ ಹೋಯ್ತು. ಸುಮ್ನೆ ಯಾಕೆ ಗುಂಡು ದಂಡ ಮಾಡ್ಲಿ?"

ನಿಯಮದಂತೆ ಶ್ರೀ ಗಂಗಾಧರಪ್ಪನವರು ಪೆನ್ನು ತೆಗೆದುಕೊಂಡರು. ಪೆನ್ನು ಓಡಲಿಲ್ಲ. ಜಾಕೆಟ್ಟಿನ ಮೊಣಕೈ ಸವೆದಲ್ಲಿ ಜೈನಾಬಿಯವರು ತಾವೇ ಹಾಕಿಕೊಂಡಿದ್ದ ತೇಪೆ ಕಣ್ಣಿಗೆ ಬಿತ್ತು. ಸರಕಾರಿ ವಸ್ತುವಿಗೆ ಅನುಮತಿಯಿಲ್ಲದೆ ಹಾಕಿದ ತೇಪೆಯಾದರೂ, ಹೊಲಿಗೆ ಬಹಳ ಮುದ್ದಾಗಿತ್ತೆಂದು ಶ್ರೀ ಗಂಗಾಧರಪ್ಪನವರು ವಿವರಣೆಯಲ್ಲಿ ಬರೆದಿರುತ್ತಾರೆ.

"ಮೊದಲ್ನೇ ಗುಂಡು ಎಲ್ಲಿ ಬೀಳುತ್ತೆ?" ಎಂದು ಕೇಳಿದರು.

"ಹತ್ತಕ್ಕೇ ಬೀಳುತ್ತೆ."

"ಹಂಗಾದ್ರೆ ನಿಮ್ ಕಣ್ಣು ಮೊದಲ್ನೇ ಗುಂಡಿಗೆ ಮಾತ್ರ ಕಾಣುತ್ತಾ ಮಾರಾಯ್ತಿ?"

ಶ್ರೀ ಗಂಗಾಧರಪ್ಪನವರು ಸಹೋದ್ಯೋಗಿಯೊಬ್ಬರನ್ನು ಕಚೇರಿ ವೇಳೆಯಲ್ಲಿ 'ಮಾರಾಯ್ತಿ' ಎಂದು ಕರೆದ ಮೊದಲ ಪ್ರಕರಣ ಇದಾಗಿರುತ್ತದೆ. ಬಳಿಕ ಅವರು ಕೈ ತೊಳೆದು ಬಂದು ಬೀರುವಿನ ಬೀಗ ತೆಗೆದರು. ವಹಿಯಲ್ಲಿ ಯಂತ್ರ ಪಡೆದವರ ಜಾಗದಲ್ಲಿ ತಾವೇ ಸಹಿ ಹಾಕಿದ್ದು, ಅನುಮತಿಯ ಕಾಲಂ ಖಾಲಿ ಬಿಟ್ಟಿರುತ್ತಾರೆ.

ಶೆಡ್ಡಿನಲ್ಲಿ ಯಂತ್ರವು ಮೊದಲು ಏನನ್ನೂ ತೋರಿಸಲಿಲ್ಲ. ತಲೆಯ ಮೇಲೆ ತಿರುಗುತ್ತಿದ್ದ ಫ್ಯಾನ್ ಅದನ್ನು ಕಂಗೆಡಿಸುತ್ತಿರಬಹುದೆಂದು ಫ್ಯಾನ್ ಆರಿಸಲಾಯಿತು. ಧಗೆಯಲ್ಲಿ ಇಬ್ಬರೂ ಬೆವೆತರು. ಜೈನಾಬಿಯವರು ಬಂದೂಕನ್ನು ಕೆನ್ನೆಗಾನಿಸಿ ಉಸಿರು ಹಿಡಿದರು. ಶ್ರೀ ಗಂಗಾಧರಪ್ಪನವರು ಪಕ್ಕದಲ್ಲಿ ನಿಂತು ಮೊಬೈಲ್ ನೋಡಿ ಓದಿದರು: "ನೂರ ಎಪ್ಪತ್ತು." ಮುಂದಿನದು, "ನೂರ ಅರವತ್ತೆರಡು." ಅದರ ಮುಂದಿನದು, "ನೂರ ಐವತ್ನಾಲ್ಕು." ನಾಲ್ಕನೆಯದಕ್ಕೆ ಅವರ ದನಿಯೇ ಏರಿಹೋಯಿತು: "ನೂರ ನಲವತ್ತೇಳು!" ಗುಂಡು ಒಂದಕ್ಕಿಂತ ಒಂದು ನಿಧಾನವಾಗಿ ಹೋಗುತ್ತಿತ್ತು, ನಿಧಾನವಾದಷ್ಟೂ ಕೆಳಕ್ಕೆ ಬೀಳುತ್ತಿತ್ತು.

ಯುವರಾಜ್ ಅವರ ಬಂದೂಕನ್ನು ತಂದು ಅದರಲ್ಲೂ ಹೊಡೆಯಲಾಯಿತು. ಎಲ್ಲ ಗುಂಡುಗಳೂ ನೂರ ಎಪ್ಪತ್ತರ ಆಸುಪಾಸಿನಲ್ಲೇ ಹೋದವು. ಎಲ್ಲವೂ ಒಂದೇ ತೂತಿನ ಸುತ್ತ ಬಿದ್ದವು.

"ಹಂಗಾದ್ರೆ ನಾನಲ್ಲ" ಎಂದರು ಜೈನಾಬಿ.

"ನೀವಲ್ಲ. ಆ ಬಂದೂಕು."

ಜೈನಾಬಿಯವರು ಅಲ್ಲೇ ಇದ್ದ ಪೆಟ್ಟಿಗೆಯ ಮೇಲೆ ಕುಳಿತು, ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತರು. ನಡುವೆ ನಕ್ಕರು. "ಯಾ ಅಲ್ಲಾ, ಇಷ್ಟು ದಿನ ಸೊಸೆ ಹತ್ರ ಸೂಜಿ ಪೋಣಿಸ್ಕೊಂಡ್ನಲ್ಲಾ! ಅವಳೆದುರಿಗೆ ಮುದುಕಿ ಆಗ್ಬಿಟ್ನಲ್ಲಾ!" ಎಂದರು. ಇದಕ್ಕೆ ಏನು ಹೇಳಬೇಕೆಂಬುದು ಯಾವ ಸುತ್ತೋಲೆಯಲ್ಲೂ ಇಲ್ಲದ ಕಾರಣ ಶ್ರೀ ಗಂಗಾಧರಪ್ಪನವರು ಫ್ಯಾನ್ ಹಾಕಿದರು.

ಸದ್ದು ಕೇಳಿ ಸಹಾಯಕ ನಿರ್ದೇಶಕರು ಬಾಗಿಲಿಗೆ ಬಂದದ್ದು ಆಗಲೇ.

"ಗಂಗಾಧರಪ್ಪ! ಅನುಮತಿ ಎಲ್ರೀ?"

"ಇಲ್ಲ ಸಾರ್."

ಅಷ್ಟೇ ಹೇಳಿ ಮೊಬೈಲನ್ನು ಮುಂದೆ ಹಿಡಿದರು. ಸಾಹೇಬರು ಓದಿ ಮುಗಿಸುವವರೆಗೂ ಅದನ್ನು ಕೆಳಗಿಳಿಸಲಿಲ್ಲವೆಂಬುದನ್ನು ದಾಖಲೆಗೆ ತೆಗೆದುಕೊಳ್ಳಲಾಗಿದೆ. ಸಹಾಯಕ ನಿರ್ದೇಶಕರು ಅಂಕಿಗಳನ್ನು ನೋಡಿದರು. ಅದೇ ಬಂದೂಕನ್ನು ಎತ್ತಿಕೊಂಡು, ಈ ಬಾರಿ ಒಂದಕ್ಕೆ ನಿಲ್ಲಿಸದೆ ನಾಲ್ಕು ಗುಂಡು ಹಾರಿಸಿದರು. ನಾಲ್ಕನೆಯದು ಕರಿ ವೃತ್ತದ ಕೆಳ ಅಂಚಿಗೆ ಬಿತ್ತು. ತಮ್ಮ ಕಣ್ಣಿನ ಬಗ್ಗೆ ಯಾವುದೇ ಹೇಳಿಕೆ ನೀಡದೆ ನಿರ್ಗಮಿಸಿದರು.

ಬಂದೂಕನ್ನು ಶಿವಮೊಗ್ಗದ ಗೋಪಾಳದಲ್ಲಿರುವ ರಿಪೇರಿಯವರಿಗೆ ಕಳುಹಿಸಲಾಗಿ, ಗಾಳಿಯ ಒತ್ತಡವನ್ನು ಹದದಲ್ಲಿಡುವ ಭಾಗದೊಳಗಿನ ರಬ್ಬರ್ ಉಂಗುರ ಸವೆದು, ಮೊದಲ ಗುಂಡಿನ ನಂತರ ಒತ್ತಡ ಇಳಿಯುತ್ತಿದ್ದುದು ಪತ್ತೆಯಾಗಿ, ಉಂಗುರ ಬದಲಿಸಲಾಗಿದೆ. ಯುವರಾಜ್ ಅವರು, "ನನ್ ಹೆಸರೇನಿದ್ರೂ ಚಪ್ಪಲಿ ಎಸೆಯೋದ್ರಲ್ಲಿ. ನೀವೇ ಹೋಗಿ ಮೇಡಂ" ಎಂದು ಸ್ಥಾನ ಬಿಟ್ಟುಕೊಟ್ಟಿರುತ್ತಾರೆ. ಶಿವಮೊಗ್ಗದ ನವುಲೆಯ ಬಳಿ ನಡೆದ ಸ್ಪರ್ಧೆಯಲ್ಲಿ ಜೈನಾಬಿಯವರು ಎರಡನೆಯವರಾದರು. ಮೊದಲನೆಯವರಿಗೂ ಇವರಿಗೂ ಒಂದೇ ಅಂಕದ ಅಂತರ. ಫಲಿತಾಂಶ ಕೂಗಿದಾಗ ಸಹಾಯಕ ನಿರ್ದೇಶಕರು ಎದ್ದು ನಿಂತು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ್ದು, ಅದು ಶ್ರೀ ಗಂಗಾಧರಪ್ಪನವರ ಮೇಲಿನ ಶಿಸ್ತುಕ್ರಮಕ್ಕೆ ಅಡ್ಡಿಯಾಗತಕ್ಕದ್ದಲ್ಲ.

ಆದ್ದರಿಂದ ಈ ಆದೇಶ:

1. ರೇಡಾರ್ ಯಂತ್ರದಿಂದ ಗುಂಡಿನ ವೇಗವನ್ನು ಮಾತ್ರ ಅಳೆಯತಕ್ಕದ್ದು. ಚಪ್ಪಲಿ, ಬೀಜ, ಕಡತ, ವದಂತಿ ಹಾಗೂ ಮೇಲಧಿಕಾರಿಗಳ ಸಿಟ್ಟು 'ಗುಂಡು' ಎಂಬ ಪದದ ವ್ಯಾಪ್ತಿಗೆ ಬರುವುದಿಲ್ಲ.

2. ಬಳಕೆಗೆ ಮುನ್ನ ಫ್ಯಾನ್ ಆರಿಸತಕ್ಕದ್ದು. ಬೆವರುವವರು ಸ್ವಂತ ಜವಾಬ್ದಾರಿಯ ಮೇಲೆ ಬೆವರತಕ್ಕದ್ದು.

3. ಅಂಕಿಯನ್ನು ಏರಿಳಿತವಿಲ್ಲದ ದನಿಯಲ್ಲಿ ಓದತಕ್ಕದ್ದು. ಒಂದು ಗುಂಡಿಗೆ ಒಂದು ಉದ್ಗಾರದಂತೆ 'ಅಬ್ಬಾ', 'ಶಿವಶಿವಾ', 'ಯಾ ಅಲ್ಲಾ' ಇವುಗಳಲ್ಲಿ ಯಾವುದಾದರೊಂದನ್ನು, ಸೇವಾ ಹಿರಿತನದ ಮೇರೆಗೆ, ಬಳಸಬಹುದಾಗಿದೆ.

4. ತಡವಾಗಿ ಬರುವ ನೌಕರರು ಯಂತ್ರದೆದುರು ಓಡಿ, ಕಚೇರಿಗೆ ತಾವು ವೇಗವಾಗಿಯೇ ಬಂದಿರುವುದಾಗಿ ಸಾಬೀತುಪಡಿಸುವುದನ್ನು ಈ ಮೂಲಕ ನಿಷೇಧಿಸಲಾಗಿದೆ.

5. ಗುಂಡು ನಿಧಾನವಾದಲ್ಲಿ ಮೊದಲು ಗುಂಡಿನಿಂದ, ನಂತರ ಗಾಳಿಯಿಂದ, ನಂತರ ಬಂದೂಕಿನಿಂದ ವಿವರಣೆ ಕೇಳತಕ್ಕದ್ದು. ಇವು ಮೂರೂ ಸಮರ್ಪಕ ಉತ್ತರ ನೀಡಿದ ನಂತರವೇ ನೌಕರರ ಕಣ್ಣು, ಕೈ ಅಥವಾ ವಯಸ್ಸನ್ನು ಅನುಮಾನಿಸತಕ್ಕದ್ದು. ಒಂದೇ ಗುಂಡು ಹಾರಿಸಿ ತೀರ್ಪು ನೀಡುವ ಅಧಿಕಾರಿಗಳು (ಹುದ್ದೆ ನಮೂದಿಸುವ ಅಗತ್ಯವಿಲ್ಲ) ಸಂಬಂಧಪಟ್ಟವರ ಮನೆಗೆ ಹೋಗಿ, ಸೊಸೆಯ ಸಮ್ಮುಖದಲ್ಲಿ ತೀರ್ಪನ್ನು ಹಿಂಪಡೆಯತಕ್ಕದ್ದು. ಇದು ಪಾಲನೆಯಾಗಿದೆ. ಚಹಾ ಚೆನ್ನಾಗಿತ್ತು.

6. ಲಿಖಿತ ಅನುಮತಿಯಿಲ್ಲದೆ ಯಂತ್ರ ಹೊರತೆಗೆದ ಶ್ರೀ ಗಂಗಾಧರಪ್ಪನವರ ಲೋಪ ರುಜುವಾತಾಗಿದೆ. ಶಿಕ್ಷೆಯಾಗಿ, ಕೀಲಿಕೈಯನ್ನು ನಿವೃತ್ತಿಯವರೆಗೂ ಅವರ ಬಳಿಯೇ ಬಿಡಲಾಗಿದ್ದು, ಗುಂಡಿನ ವೇಗ ನೋಡಬೇಕೆಂದು ಯಾರೇ ಕೇಳಿದರೂ ಅವರು ಬೀರು ತೆಗೆದುಕೊಡತಕ್ಕದ್ದು. ಇದನ್ನು ಓದಿ ಹೇಳಿದಾಗ ಅವರು ಪೆನ್ನಿನ ಮುಚ್ಚಳ ತೆಗೆದಿದ್ದು, "ಸಹಿ ಎಲ್ಲಿ ಹಾಕ್ಲಿ ಸಾರ್?" ಎಂದು ಕೇಳುವಾಗ ಮುಗುಳ್ನಕ್ಕಿರುತ್ತಾರೆ. ಮುಗುಳ್ನಗೆಯನ್ನು ಇದೊಂದು ಬಾರಿಗೆ ಮನ್ನಿಸಲಾಗಿದೆ.

ಸಹಿ/-
(ವಿಷ್ಣುಪ್ರಸಾದ)
ಸಹಾಯಕ ನಿರ್ದೇಶಕರು
ಉಪ ಕಚೇರಿ, ಭದ್ರಾವತಿ

ಪ್ರತಿಗಳು:
1. ಮುಖ್ಯ ಕಚೇರಿ, ಶಿವಮೊಗ್ಗ: ಮಾಹಿತಿಗಾಗಿ, ಓದುವುದು ಕಡ್ಡಾಯವಲ್ಲ.
2. ಯುವರಾಜ್, ಪ್ರಥಮ ದರ್ಜೆ ಸಹಾಯಕರು: ಖಂಡ 1ನ್ನು ದಿನಕ್ಕೊಮ್ಮೆ ಓದಲು.
3. ಶೆಡ್ಡಿನ ಬಾಗಿಲು: ಅಂಟಿಸಲು.
4. ಜೈನಾಬಿ, ಬೆರಳಚ್ಚುಗಾರ್ತಿ: ಈ ಸುತ್ತೋಲೆಯನ್ನು ಬೆರಳಚ್ಚು ಮಾಡಿದವರು ಅವರೇ ಆಗಿರುವುದರಿಂದ ಪ್ರತ್ಯೇಕ ಪ್ರತಿ ಬೇಕಿಲ್ಲ. ಕರಡಿನಲ್ಲಿ 'ಆರೋಪಿತ ನೌಕರ' ಎಂದಿದ್ದ ಕಡೆಯಲ್ಲೆಲ್ಲ 'ಶ್ರೀ ಗಂಗಾಧರಪ್ಪನವರು' ಎಂದು ಮೂಡಿರುವುದು ಗಮನಕ್ಕೆ ಬಂದಿದೆ. ಸಮಯಾಭಾವದಿಂದ ತಿದ್ದಿರುವುದಿಲ್ಲ.