ದೊಡ್ಡವರ ಮಕ್ಕಳ ಕನ್ನಡ ಮಿಸ್ಸು

ವೈಟ್‌ಫೀಲ್ಡ್‌ನ ಒಂದು ದೊಡ್ಡ ಶಾಲೆಯಲ್ಲಿ ನಾನು ಕನ್ನಡ ಮಿಸ್ಸು. ನಾಳೆ ಕಂಪನಿ, ಊರು ಎಲ್ಲ ನಡೆಸೋರು ಇಲ್ಲೇ ತಯಾರಾಗ್ತಾರೆ ಅಂತ ನಮ್ಮ ಪ್ರಿನ್ಸಿಪಾಲರು ಪ್ರತಿ ಸಭೆಯಲ್ಲೂ ಹೇಳ್ತಾರೆ. ಆ ತಯಾರಿಯನ್ನು ಹತ್ತಿರದಿಂದ ನೋಡೋಳು ನಾನು. ನಗದೇ ಮನೆಗೆ ಹೋದ ದಿನ ಕಡಿಮೆ.

ಬ್ಯಾಡ್ಜು

ಸ್ಕೂಲ್ ಕ್ಯಾಪ್ಟನ್ ಚುನಾವಣೆ. ಒಬ್ಬಳು ಲೈಬ್ರರಿಗೆ ಹೊಸ ಪುಸ್ತಕ ತರಿಸ್ತೀನಿ ಅಂದಳು, ಇನ್ನೊಬ್ಬ ಆಟದ ಪೀರಿಯಡ್ ಹೆಚ್ಚಿಸ್ತೀನಿ ಅಂದ. ಮೂರನೆಯವನು ಏನೂ ಭರವಸೆ ಕೊಡಲಿಲ್ಲ. ಅವನ ಅಕ್ಕ ಕ್ಯಾಪ್ಟನ್ ಆಗಿದ್ದವಳು, ಅವಳಾದ ಮೇಲೆ ಅಣ್ಣ. ಅಷ್ಟನ್ನೇ ಹೇಳಿ ಕೂತ. ಗೆದ್ದವನೂ ಅವನೇ. ಶುಭಾಶಯ ಹೇಳಿ, ಇರು, ಆಫೀಸಿಂದ ಬ್ಯಾಡ್ಜು ತರಿಸ್ತೀನಿ ಅಂದೆ.

"ಬೇಡ ಮಿಸ್," ಅಂದ. "ಅದು ನಮ್ಮನೇಲೇ ಇದೆ."

ಫ್ರೆಂಚ್ ಬೇಕೆಂದ ತಾಯಿ

ದೊಡ್ಡ ಹುದ್ದೆಯಲ್ಲಿದ್ದ ತಾಯಿಯೊಬ್ಬರು, ಹೊರರಾಜ್ಯದವರು, ಮಗಳಿಗೆ ಕನ್ನಡ ಬಿಡಿಸಿ ಫ್ರೆಂಚ್ ಕೊಡಿ ಅಂತ ಅವಳನ್ನೂ ಕರಕೊಂಡು ಪ್ರಿನ್ಸಿಪಾಲರ ಹತ್ತಿರ ಬಂದರು. ಮಗುವಿಗೆ ಕನ್ನಡದ ಒಂದು ಪದವೂ ಬರಲ್ಲ ಅನ್ನೋದು ಅವರ ವಾದ. ನನ್ನನ್ನು ಕರೆಸಿದರು. ಚೆನ್ನಾಗೇ ಮಾತಾಡ್ತಾಳೆ, ನೀವೇ ಕೇಳಿ ಅಂದೆ. ಸ್ಕೂಲ್ ವ್ಯಾನಿನಲ್ಲಿ ದಿನಾ ಡ್ರೈವರ್ ಅಣ್ಣನ ಹಿಂದಿನ ಸೀಟಲ್ಲೇ ಕೂತು ಬರೋ ಹುಡುಗಿ ಅದು. ಎದ್ದು ನಿಂತು, ಕೈಕಟ್ಟಿ, ಗಟ್ಟಿಯಾಗಿ ಹೇಳಿತು: "ಸೈಡಿಗೆ ಹೋಗೋ ಗುರು, ರೋಡೇನು ನಿಮ್ಮಪ್ಪಂದಾ?"

ಪ್ರಿನ್ಸಿಪಾಲರು ಕಿಟಕಿ ಕಡೆ ತಿರುಗಿದರು. ತಾಯಿ ನನ್ನ ಹತ್ತಿರ ಅರ್ಥ ಕೇಳಿದರು. ರಸ್ತೆ ಎಲ್ಲರಿಗೂ ಸೇರಿದ್ದು ಅಂತಿದ್ದಾಳೆ ಅಂದೆ. ಅವರ ಕಣ್ಣಲ್ಲಿ ನೀರೇ ಬಂತು. ಕನ್ನಡ ಉಳೀತು.

ನೆರಳು

ಮಕ್ಕಳಿಗೆ ವ್ಯಾಪಾರ ಕಲಿಸೋಕೆ ಶಾಲೆಯಲ್ಲೇ ಒಂದು ಸಂತೆ ಮಾಡ್ತೀವಿ. ದುಡ್ಡಿಲ್ಲ, ವಸ್ತುವಿಗೆ ವಸ್ತು. ಎಲ್ಲರೂ ಕೇಕು, ನಿಂಬೆ ಶರಬತ್ತು, ಕೀಚೈನು ತಂದಿದ್ದರು. ಶಾಲೆ ಪಕ್ಕದ ಹಳೇ ಊರು ಪಟ್ಟಂದೂರು ಅಗ್ರಹಾರದ ಹುಡುಗಿಯೊಬ್ಬಳು ಮಾತ್ರ ದೊಡ್ಡ ಚಾಪೆಗಳನ್ನು ತಂದು, ಮೈದಾನದಲ್ಲಿದ್ದ ಒಂದೇ ಹೊಂಗೆ ಮರದ ಕೆಳಗೆ ಹಾಸಿ ಕೂತಳು. ಇಂಗ್ಲಿಷಿನಲ್ಲಿ ತಡವರಿಸೋಳು ಅಂತ ಉಳಿದವರು ಅವಳನ್ನು ತಮ್ಮ ಅಂಗಡಿಗೆ ಸೇರಿಸಿಕೊಂಡಿರಲಿಲ್ಲ. ನನಗೆ ಪಾಪ ಅನ್ನಿಸಿತು.

ಬಿಸಿಲೇರಿತು. ಕೇಕಿನ ಕ್ರೀಮು ಇಳಿಯತೊಡಗಿತು. ಅಂಗಡಿಗಳೆಲ್ಲ ಒಂದೊಂದಾಗಿ ಮರದ ಕೆಳಗೆ ಬಂದವು. ಚಾಪೆ ಮೇಲೆ ಜಾಗ ಬೇಕಾದರೆ ತಂದದ್ದರಲ್ಲಿ ಒಂದು ಪಾಲು ಅವಳಿಗೆ. ಊಟದ ಹೊತ್ತಿಗೆ ಎಲ್ಲ ಅಂಗಡಿಯ ಮಾಲೂ ಅವಳ ಮುಂದಿತ್ತು.

ಇವಳು ಏನೂ ತಯಾರಿಸಿಲ್ಲ, ಬಹುಮಾನಕ್ಕೆ ಸೇರಿಸಬೇಡಿ ಅಂತ ಕೆಲವು ಪೋಷಕರು ತಕರಾರು ತೆಗೆದರು. ಆ ಮರದ ಕೆಳಗೆ ಯಾರು ಬೇಕಾದರೂ ಕೂರಬಹುದಿತ್ತು, ಬಿಸಿಲು ಬರುತ್ತೆ ಅಂತ ಯೋಚಿಸಿದ್ದು ಇವಳೊಬ್ಬಳೇ ಅಂತ ನಾನು ಪಟ್ಟು ಹಿಡಿದೆ. ತೀರ್ಪುಗಾರರಾಗಿ ಬಂದಿದ್ದ ಕಂಪನಿ ಮುಖ್ಯಸ್ಥರು ನಗುತ್ತಾ ಮೊದಲ ಬಹುಮಾನ ಅವಳಿಗೇ ಕೊಟ್ಟರು. ಅವಳು ಮೈಕ್ ಹಿಡಿದು, ಅಂಜದೆ, ಕನ್ನಡದಲ್ಲೇ ಇದೆಲ್ಲ ನಮ್ಮಜ್ಜಿ ಹೇಳಿಕೊಟ್ಟಿದ್ದು ಅಂದಾಗ ನನ್ನ ಎದೆ ಉಬ್ಬಿತು.

ಚೆನ್ನಾಗಿ ಓದಮ್ಮ, ಓದಿದರೆ ಎಲ್ಲಿಗೋ ಹೋಗ್ತೀಯ ಅಂದರು ಮುಖ್ಯಸ್ಥರು.

"ಓದ್ತೀನಿ ಸಾರ್. ಆದ್ರೆ ಎಲ್ಲಿಗೂ ಹೋಗಲ್ಲ. ಓದಿದೋರೆಲ್ಲ ನಮ್ಮನೇಗೇ ಬಾಡಿಗೆಗೆ ಬರ್ತಾರೆ," ಅಂದು ನನ್ನ ಕಡೆ ಕೈ ತೋರಿಸಿದಳು. "ನಮ್ಮ ಮಿಸ್ಸೂ ಅಲ್ಲೇ ಇರೋದು, ಎರಡನೇ ಮಹಡೀಲಿ."