ಗುಂಡಿ ಕಂಪನಿಯ ಮೂರು ದಿನದ ಮರಣ

ಆಂಟ್‌ವರ್ಪ್ ನಗರದಲ್ಲಿ ಸತ್ತ ಕಂಪನಿಗಳಿಗೆ ಸಿಗುವ ಮರ್ಯಾದೆ ಬದುಕಿರುವ ಕಂಪನಿಗಳಿಗೆ ಸಿಗುವುದಿಲ್ಲ. ಇದರಲ್ಲಿ ಯಾರ ತಪ್ಪೂ ಇಲ್ಲ. ನಮ್ಮ ಹಳೇ ಷೇರುಪತ್ರ ಸಂಗ್ರಾಹಕರ ಸಂಘದ ಏಳನೆಯ ನಿಯಮವೇ ಹಾಗಿದೆ: "ಪ್ರದರ್ಶನಕ್ಕಿಡುವ ಪತ್ರದ ಕಂಪನಿಯು ತೃಪ್ತಿಕರವಾಗಿ ಮೃತಪಟ್ಟಿರತಕ್ಕದ್ದು."

ಹಿಂದಿನ ಷೇರುಪತ್ರಗಳ ಕೆಳಗೆ ಅಂಚೆಚೀಟಿಯ ಹಾಳೆಯಂತೆ ಸಾಲುಸಾಲು ಕೂಪನ್ನುಗಳಿರುತ್ತಿದ್ದವು. ಲಾಭ ಬಂದ ವರ್ಷ ಷೇರುದಾರರು ಒಂದನ್ನು ಕತ್ತರಿಸಿ ಕಂಪನಿಗೆ ಕೊಟ್ಟು ತಮ್ಮ ಪಾಲು ತರುತ್ತಿದ್ದರು. ಕೂಪನ್ನುಗಳು ಪೂರ್ತಿ ಉಳಿದಿದ್ದರೆ ಕಂಪನಿ ಯಾರಿಗೂ ಕಾಸು ಬಿಚ್ಚದೆ ಮುಳುಗಿದೆ ಎಂದರ್ಥ. ಅಂಥದ್ದನ್ನು ಕಂಡರೆ ನಮ್ಮವರು ಟೊಪ್ಪಿ ತೆಗೆಯುತ್ತಾರೆ. ಎಲ್ಲೆಲ್ಲಿಯದೋ ಟ್ರಾಮು, ಗ್ಯಾಸು, ರಬ್ಬರು, ಮುಳುಗಿದ್ದೆಲ್ಲ ನಮ್ಮ ಗೋಡೆಯ ಮೇಲೆ ತೇಲುತ್ತದೆ.

ನಿವೃತ್ತ ಟ್ರಾಮ್ ಕಂಡಕ್ಟರ್ ಲೀವೆನ್ ಕ್ರಾಬ್ಸ್‌ಗೆ ಸಂತೆಯಲ್ಲಿ ಕೊಂಡ ಕನ್ನಡಿಯ ಬೆನ್ನಲ್ಲಿ ಅಂಥದ್ದೊಂದು ಸಿಕ್ಕಿತು. ಕೋಟಿಗೆ ಹೊಲಿಯುವ ಕೊಂಬಿನ ಗುಂಡಿ ಮಾಡುವ ರೊಗ್ಗೆಮಾನ್ ಕಂಪನಿಯ ಷೇರು. ನೂರು ವರ್ಷ ದಾಟಿದ್ದು, ಒಂದು ಕೂಪನ್ನಿಗೂ ಕತ್ತರಿ ತಾಗಿಲ್ಲ. ಹುಟ್ಟಿದ ವರ್ಷವೇ ಸತ್ತ ಕಂಪನಿ ಎಂದು ಸಮಿತಿ ಸರ್ವಾನುಮತದಿಂದ ತೀರ್ಮಾನಿಸಿತು. ಹೋಗಿ ನೋಡಿ ಬರುವ ಪದ್ಧತಿ ನಮ್ಮಲ್ಲಿಲ್ಲ. ಇಷ್ಟು ವರ್ಷ ಕೋಟು ನೇತುಹಾಕುವ ಮೂಲೆಯಲ್ಲೇ ಜಾಗ ಪಡೆಯುತ್ತಿದ್ದ ಲೀವೆನ್‌ಗೆ ಹಳೆಯ ಷೇರುಪೇಟೆ ಭವನದಲ್ಲಿ ವರ್ಷವೂ ಈಸ್ಟರ್‌ಗೆ ಮುಂಚೆ ನಡೆಯುವ ಪ್ರದರ್ಶನದ ನಡುಗೋಡೆ ಮಂಜೂರಾಯಿತು. ಆತ ಮೊದಲು ಆಮಂತ್ರಿಸಿದ್ದು ನಾದಿನಿಯನ್ನು. ಮದುವೆಮನೆಗಳಲ್ಲಿ ಆಕೆ ಆತನನ್ನು "ರದ್ದಿಗೆ ಬಾಳು ಕೊಟ್ಟ ನಮ್ಮ ಭಾವ" ಎಂದೇ ಪರಿಚಯಿಸುತ್ತಿದ್ದಳು.

ಪ್ರದರ್ಶನದ ಸುದ್ದಿ ಪೇಪರಿನಲ್ಲಿ ಬಂದ ವಾರವೇ, ಸಂಘದ ಸಭೆ ನಡೆಯುವ ಬಿಯರಿನಂಗಡಿಯ ಮಹಡಿಗೆ ಹೆಂಗಸೊಬ್ಬಳು ಕತ್ತರಿ ಹಿಡಿದು ಹತ್ತಿ ಬಂದಳು. ಹೆಸರು ಹಿಲ್ಡೆ ರೊಗ್ಗೆಮಾನ್. ಟ್ರಾಮಿನ ಕೊನೆಯ ನಿಲ್ದಾಣದ ಹಿಂದೆ ಅವಳ ಕಾರ್ಖಾನೆ ಈಗಲೂ ಗುಂಡಿ ಕೊರೆಯುತ್ತಿದೆ.

"ಒಂದು ಷೇರಿನವರು ಮಾತ್ರ ನಮ್ಮಜ್ಜನ ಕಾಲದಿಂದ ಲಾಭ ಕೇಳೋಕೆ ಬಂದೇ ಇಲ್ಲ," ಎಂದಳು. "ಪೇಪರಲ್ಲಿ ಫೋಟೋ ನೋಡಿ ಜೀವ ಬಂದಂಗಾಯ್ತು. ಕೊಡಿ ಇಲ್ಲಿ, ಕತ್ತರಿಸ್ಕೊಂಡು ಲೆಕ್ಕ ಚುಕ್ತಾ ಮಾಡಿಬಿಡ್ತೀನಿ."

ಲೀವೆನ್ ಪತ್ರವನ್ನು ಎದೆಗವಚಿಕೊಂಡ. "ನಿಮ್ಮ ದುಡ್ಡು ನೀವೇ ಇಟ್ಕೊಳ್ಳಿ ತಾಯಿ. ಮೊದಲು ಕತ್ತರಿ ಕೆಳಗಿಡಿ."

"ಕೊಡೋದು ನಮ್ಮ ಧರ್ಮ ಅಲ್ವೇನ್ರೀ?"

"ನಿಮ್ಮ ಧರ್ಮ ಮುಳುಗೋದಾಗಿತ್ತು. ಅದನ್ನೂ ನೆಟ್ಟಗೆ ಮಾಡ್ಲಿಲ್ಲ."

ಅಧ್ಯಕ್ಷೆ ಓಡಿಲ್ ವರ್ಸ್ತ್ರಾತೆ ವೃತ್ತಿಯಿಂದ ನೋಟರಿ. ಕಂಪನಿ ಬದುಕಿರುವುದಕ್ಕೆ ಪುರಾವೆ ಏನೆಂದು ಕೇಳಿದರು.

"ನಿಮ್ಮ ಕೋಟಿನ ಗುಂಡಿ ನಮ್ಮದೇ ಮೇಡಂ," ಎಂದಳು ಹಿಲ್ಡೆ.

ಅಧ್ಯಕ್ಷೆ ಕೋಟನ್ನು ಕಳಚಿ ಹೊರಗೆ ನೇತುಹಾಕಿಸಿ, ಸಭೆಯನ್ನು ಮುಂದುವರಿಸಿದರು. ಮರಣ ಎಷ್ಟು ಕಾಲದ್ದಿರಬೇಕೆಂಬ ಬಗ್ಗೆ ಏಳನೆಯ ನಿಯಮ ಮೌನವಾಗಿರುವುದನ್ನು ಗಮನಿಸಿ ನಿರ್ಣಯ ಕೈಗೊಳ್ಳಲಾಯಿತು: "ಸದರಿ ಕಂಪನಿಯು ಪ್ರದರ್ಶನದ ಮೂರೂ ದಿನ ಮೃತಪಟ್ಟಿರಲು ಈ ಮೂಲಕ ಕೋರಲಾಗಿದೆ. ಊಟದ ವಿರಾಮದಲ್ಲಿ ಜೀವ ತಾಳತಕ್ಕದ್ದಲ್ಲ."

ಹಿಲ್ಡೆ ಲೀವೆನ್‌ನ ಮುಖ ನೋಡಿದಳು. ಆತ ಪತ್ರವನ್ನು ಇನ್ನೂ ಎದೆಗವಚಿಕೊಂಡೇ ಇದ್ದ. ಕಾರ್ಖಾನೆಯವರನ್ನು ಒಂದು ಮಾತು ಕೇಳುತ್ತೇನೆ ಎಂದು ಹೊರಟಳು. ಕಾರ್ಖಾನೆಯ ಹಿರಿಯ ಕೆಲಸಗಾರ ಸ್ತಾಫ್, "ಸಂಬಳ ಸಮೇತ ಸಾಯೋದಾದ್ರೆ ನಮ್ದೇನೂ ತಕರಾರಿಲ್ಲ," ಎಂದನಂತೆ.

ಪ್ರದರ್ಶನ ಗಾಂಭೀರ್ಯದಿಂದ ನಡೆಯಿತು. ಕಾರ್ಖಾನೆಯ ಬಾಗಿಲಿಗೆ ಕಪ್ಪು ಪಟ್ಟಿ ಬಿತ್ತು. ನಡುಗೋಡೆಯ ಕೆಳಗೆ ಹಿಲ್ಡೆ ಕಪ್ಪು ಕೋಟು ತೊಟ್ಟು ನಿಂತು ಸಂತಾಪ ಸ್ವೀಕರಿಸಿದಳು. ಕೇಳಿದವರಿಗೆ ತಗ್ಗಿದ ದನಿಯಲ್ಲಿ ಡಜನ್ನಿನ ರೇಟು ಹೇಳಿದಳು. ನಾದಿನಿ ಕರವಸ್ತ್ರ ಒತ್ತಿಕೊಂಡು ಬಂದು, "ಎಂಥಾ ಕಂಪನಿ ಕಳ್ಕೊಂಡ್ರಿ ಭಾವ," ಎಂದಳು. ಅವಳು ಆತನನ್ನು ಬರೀ ಭಾವ ಎಂದು ಕರೆದದ್ದು ಅದೇ ಮೊದಲು. ಚಿನ್ನದ ಪದಕ ಲೀವೆನ್‌ಗೇ ಬಂತು.

ಪದಕ ಚುಚ್ಚುವಾಗ ಆತನ ಕೋಟಿಗೆ ಗುಂಡಿಯ ಬದಲು ಪಿನ್ನು ಇರುವುದು ಹಿಲ್ಡೆಯ ಕಣ್ಣಿಗೆ ಬಿತ್ತು. ಜೇಬಿನಿಂದ ಒಂದು ಗುಂಡಿ ತೆಗೆದು ಆತನ ಅಂಗೈಗೆ ಒತ್ತಿದಳು. "ಇದನ್ನಾದ್ರೂ ತಗೊಳ್ಳಿ. ಇಲ್ದಿದ್ರೆ ನಂಗೆ ನಿದ್ದೆ ಹತ್ತಲ್ಲ." ಲೀವೆನ್ ಅತ್ತಿತ್ತ ನೋಡಿ ತೆಗೆದುಕೊಂಡ. ಲಾಭಾಂಶವೆಂದು ಬರೆದರೆ ಪದಕ ಹೋಗುವುದರಿಂದ, ಮೃತರ ಕಡೆಯವರು ಕೊಟ್ಟ ನೆನಪಿನ ಕಾಣಿಕೆ ಎಂದು ದಾಖಲಿಸಲಾಗಿದೆ.

ಪ್ರದರ್ಶನ ಮುಗಿದ ಸೋಮವಾರದಿಂದ ಕಂಪನಿಗೆ ಆರ್ಡರು ಇಮ್ಮಡಿಯಾಗಿದೆ. ಈ ಬಾರಿಯ ಪ್ರದರ್ಶನಕ್ಕೆ ಈಸ್ಟರ್‌ಗೆ ಮುಂಚೆ ಸಾಯಲು ಪುರುಸೊತ್ತಿಲ್ಲ, ಅಕ್ಟೋಬರಿನಲ್ಲಾದರೆ ಆಗಬಹುದು ಎಂದು ಹಿಲ್ಡೆ ಬರೆದಿದ್ದಾಳೆ. ಸಮಿತಿ ಮಂಜೂರು ಮಾಡಿದೆ. ತಾನೂ ಸಾಯಲು ಸಿದ್ಧವೆಂದು ಬಿಸ್ಕತ್ತಿನ ಕಂಪನಿಯೊಂದು ಅರ್ಜಿ ಹಾಕಿದೆ. ಅದು ಸರದಿಯಲ್ಲಿ ಕಾಯಬೇಕಾಗುತ್ತದೆ.